ಶ್ರೀಮತಿ ತಾರಾಬಾಯಿ ಮೋಡಕರೂ ಬಡಮಕ್ಕಳ ಶಿಕ್ಷಣವೂ

ಅಂಗನವಾಡಿಯೆಂಬ ಹೆಸರನ್ನು ಕೇಳದ ಗ್ರಾಮವು ನಮ್ಮ ನಾಡಿನಲ್ಲಿ ಇರಲಾರದು. ಆದರೆ ಆ ಹೆಸರು ಎಲ್ಲಿ ಹುಟ್ಟಿತು, ಯಾವ ಕಷ್ಟದ ಪರಿಹಾರಕ್ಕಾಗಿ ಹುಟ್ಟಿತು ಎಂಬುದನ್ನು ಬಲ್ಲವರು ವಿರಳ. ಸಂಸ್ಥೆಯೊಂದು ವಿಸ್ತಾರಗೊಂಡಂತೆಲ್ಲ ಅದರ ಮೂಲೋದ್ದೇಶವು ಮರೆವಿಗೆ ಸಲ್ಲುವುದು ಲೋಕರೂಢಿಯೇ ಸರಿ. ಇಲ್ಲಿ ಆ ಮರೆವಿನಿಂದ ಹಾನಿಯಾಗತಕ್ಕದ್ದು ತೀರ ಬಡವರ ಮಕ್ಕಳಿಗಾದುದರಿಂದ, ಶ್ರೀಮತಿ ತಾರಾಬಾಯಿ ಮೋಡಕರ ಜೀವನವೃತ್ತಾಂತವನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ತಾರಾಬಾಯಿಯವರು 1892ರಲ್ಲಿ ಮುಂಬಯಿಯಲ್ಲಿ ಜನಿಸಿದರು. ಅವರ ಮನೆತನವು ಪ್ರಾರ್ಥನಾ ಸಮಾಜದ ಸುಧಾರಣಾ ಭಾವನೆಗಳನ್ನು ಮೈಗೂಡಿಸಿಕೊಂಡಿದ್ದುದು. ಹೆಣ್ಣುಮಕ್ಕಳಿಗೆ ಉಚ್ಚಶಿಕ್ಷಣವು ದುರ್ಲಭವಾಗಿದ್ದ ಆ ಕಾಲದಲ್ಲಿ ಅವರು 1914ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದರು. ಅಮರಾವತಿಯ ವಕೀಲರೊಬ್ಬರೊಡನೆ ಆದ ವಿವಾಹವು ಸುಖಾಂತವಾಗಲಿಲ್ಲ; 1921ರಲ್ಲಿ ಆ ಸಂಬಂಧವು ಮುಗಿಯಿತು. ಬಳಿಕ ಅವರು ರಾಜಕೋಟೆಯ ಸ್ತ್ರೀ ಅಧ್ಯಾಪನ ವಿದ್ಯಾಲಯದ ಮುಖ್ಯಸ್ಥೆಯಾದರು. ಗೌರವವೂ ಸಂಬಳವೂ ಉಳ್ಳ ಆ ಹುದ್ದೆಯಲ್ಲಿ ಜೀವಮಾನವನ್ನು ಕಳೆದಿದ್ದರೂ ಯಾರೊಬ್ಬರೂ ಆಕ್ಷೇಪಿಸುತ್ತಿರಲಿಲ್ಲ.

ಅವರು ಅದನ್ನು ಬಿಟ್ಟುಕೊಟ್ಟು 1923ರಲ್ಲಿ ಭಾವನಗರಕ್ಕೆ ಹೋದರು. ವಕೀಲಿವೃತ್ತಿಯನ್ನು ತ್ಯಜಿಸಿ ಶಿಶುಶಿಕ್ಷಣಕ್ಕೆ ತಮ್ಮನ್ನು ಒಪ್ಪಿಸಿಕೊಂಡಿದ್ದ ಗಿಜುಭಾಯಿ ಬಧೇಕರು 1920ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದಿದ್ದರು. ಗಿಜುಭಾಯಿಯವರಿಗೆ ಸ್ಫೂರ್ತಿಯನ್ನಿತ್ತವರು ಇಟಲಿಯ ಮರಿಯಾ ಮಾಂಟೆಸರಿ. ಆ ವಿದುಷಿಯು 1907ರಲ್ಲಿ ತಮ್ಮ ಪ್ರಥಮ ಶಿಶುಗೃಹವನ್ನು ತೆರೆದುದು ರೋಮ್ ನಗರದ ಬಡ ಕೂಲಿಗಾರರ ಕೇರಿಯಲ್ಲಿ ಎಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು. ಬೆತ್ತವನ್ನೂ ಬಾಯಿಪಾಠವನ್ನೂ ಬಿಟ್ಟು, ಮಗುವಿನ ಕೈಗಳಿಗೂ ಇಂದ್ರಿಯಗಳಿಗೂ ಕೆಲಸವನ್ನು ಕೊಟ್ಟು, ಅದು ತಾನಾಗಿಯೇ ಕಲಿಯುವಂತೆ ಮಾಡುವುದು ಈ ಪದ್ಧತಿಯ ಸಾರ. 1926ರಲ್ಲಿ ಇವರಿಬ್ಬರೂ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿದರು. ಪತ್ರಿಕೆಯ ಮೂಲಕ ತಂದೆತಾಯಿಗಳಿಗೆ ತಿಳಿವಳಿಕೆ ಕೊಡುವ ಕಾರ್ಯವೂ ನಡೆಯಿತು.

1936ರಲ್ಲಿ ತಾರಾಬಾಯಿಯವರು ಮುಂಬಯಿಯ ದಾದರಿನಲ್ಲಿ ಶಿಶುವಿಹಾರವನ್ನು ಸ್ಥಾಪಿಸಿ, ಅಧ್ಯಾಪಿಕೆಯರನ್ನು ತರಬೇತುಗೊಳಿಸಿದರು. ಆದರೆ ಕೂಲಿಗಾರರ ಮಕ್ಕಳಿಗಾಗಿ ಹುಟ್ಟಿದ ಪದ್ಧತಿಯು, ದುಬಾರಿ ಉಪಕರಣಗಳ ದೆಸೆಯಿಂದ, ಉಳ್ಳವರ ಮಕ್ಕಳ ಸೊತ್ತಾಗುತ್ತ ಬಂದಿತ್ತು. ನಗರದ ಈ ಫಲವು ಹಳ್ಳಿಗೆ ತಲಪುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನರಸಿ, 1945ರಲ್ಲಿ, ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ, ಅವರು ಅಂದಿನ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಕಡಲತೀರದ ಗ್ರಾಮದಲ್ಲಿ ಗ್ರಾಮ ಬಾಲಶಿಕ್ಷಣ ಕೇಂದ್ರವನ್ನು ಆರಂಭಿಸಿದರು. ಬಾಲ್ಯದಲ್ಲಿಯೇ ವೈಧವ್ಯಕ್ಕೆ ತುತ್ತಾಗಿ, ಛಲದಿಂದ ವಿದ್ಯೆಯನ್ನು ಗಳಿಸಿದ್ದ ಅನುತಾಯಿ ವಾಘರು ಅವರಿಗೆ ಬಲಗೈಯಾಗಿ ಬಂದರು.

ಬಾಲವಾಡಿಯ ಬಾಗಿಲು ತೆರೆಯಿತು. ಆದರೆ ಯಾರಿಗಾಗಿ ತೆರೆಯಿತೋ ಆ ಮಕ್ಕಳು ಬರಲಿಲ್ಲ. ಇಂಥ ಸಂದರ್ಭದಲ್ಲಿ ತಂದೆತಾಯಿಗಳ ಅಜ್ಞಾನವನ್ನು ಹಳಿದು ಸುಮ್ಮನಾಗುವುದು ಸುಲಭ. ತಾರಾಬಾಯಿಯವರು ಶಾಲೆಯನ್ನೇ ಎತ್ತಿಕೊಂಡು ಕೇರಿಗೆ ಹೋದರು. ಗುಡಿಸಲಿನ ಮುಂದಣ ಅಂಗಳದಲ್ಲಿ, ಮರದ ನೆರಳಿನಲ್ಲಿ, ಮಕ್ಕಳ ಮೈ ತೊಳೆದು, ತಲೆ ಬಾಚಿ, ಆಟಪಾಟಗಳನ್ನು ನಡೆಸಿದರು. ಅಂಗಳದ ಈ ಶಾಲೆಯೇ ಅಂಗನವಾಡಿ. ಅಂಗಡಿಯ ಉಪಕರಣಗಳ ಬದಲಿಗೆ ಬೀಜ, ಎಲೆ, ಬೆಣಚುಕಲ್ಲು, ಕಡ್ಡಿಗಳು ಎಣಿಕೆಗೂ ಬಣ್ಣಗಳ ಪರಿಚಯಕ್ಕೂ ಸಾಧನಗಳಾದುವು.

1957ರಲ್ಲಿ ಕೇಂದ್ರವು ವಾರಲಿ ಜನರು ವಾಸಿಸುವ ಕೋಸಬಾಡದ ಗುಡ್ಡಕ್ಕೆ ಹೋಯಿತು. ಅಲ್ಲಿ ಎಳೆಯ ತಮ್ಮತಂಗಿಯರನ್ನು ನೋಡಿಕೊಳ್ಳಬೇಕಾದ ಹುಡುಗಿಯು ಶಾಲೆಗೆ ಬರಲಾರಳು. ಆದುದರಿಂದ ಕೂಸುಗಳ ಪಾಲನಾಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಈ ಮೂರನ್ನೂ ಒಂದೇ ಆವರಣದಲ್ಲಿ ಕೂಡಿಸಿ ವಿಕಾಸವಾಡಿಯೆಂದು ಹೆಸರಿಟ್ಟರು. ದನ ಕಾಯುವ ಹುಡುಗರಿಗಾಗಿ ಶಾಲೆಯು ಗೋಮಾಳಕ್ಕೇ ಹೋಯಿತು. ಬಡವನ ಮಗುವು ಗೈರುಹಾಜರಾಗುವುದಕ್ಕೆ ಕಾರಣವೇನೆಂದು ವಿಚಾರಿಸಿ, ಆ ಕಾರಣಕ್ಕೆ ತಕ್ಕಂತೆ ಶಾಲೆಯನ್ನು ತಿದ್ದುವುದೇ ಅವರ ಕಾರ್ಯನೀತಿಯಾಗಿತ್ತು. 1962ರಲ್ಲಿ ಸರಕಾರವು ಪದ್ಮಭೂಷಣವನ್ನಿತ್ತು ಗೌರವಿಸಿತು. 1973ರಲ್ಲಿ ಅವರು ದಿವಂಗತರಾದರು.

ಎರಡು ವರ್ಷಗಳ ತರುವಾಯ, 1975ರ ಅಕ್ಟೋಬರ್ 2ರಂದು, ಭಾರತ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕ್ಷೇತ್ರಗಳಲ್ಲಿ ಆರಂಭಿಸಿ, ಅದರ ಕೇಂದ್ರಗಳಿಗೆ ಅಂಗನವಾಡಿಯೆಂಬ ಹೆಸರನ್ನೇ ಇಟ್ಟಿತು. ಕರ್ನಾಟಕದಲ್ಲಿ ತಿರುಮಕೂಡಲು ನರಸೀಪುರದಲ್ಲಿ ಮೊದಲಾದ ಈ ಕಾರ್ಯವು ಇಂದು 60,000ಕ್ಕೂ ಮಿಗಿಲಾದ ಕೇಂದ್ರಗಳಾಗಿ ಬೆಳೆದಿದೆ. ಇಷ್ಟು ದೊಡ್ಡ ವಿಸ್ತಾರವು ಸಾಮಾನ್ಯ ಸಾಧನೆಯಲ್ಲ. ಹಸಿದ ಮಗುವಿಗೆ ಅನ್ನವನ್ನೂ ಚುಚ್ಚುಮದ್ದನ್ನೂ ಒದಗಿಸಿದ ಯೋಜನೆಯನ್ನು ನಾವು ಲಘುವಾಗಿ ಕಾಣುವವರಲ್ಲ.

ಆದರೂ ಒಂದು ಮಾತನ್ನು ಹೇಳಲೇಬೇಕಾಗಿದೆ. ತಾರಾಬಾಯಿಯವರ ಹೆಸರು ಉಳಿದಷ್ಟು ಅವರ ಪದ್ಧತಿಯು ಉಳಿಯಲಿಲ್ಲ. ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಹಂಚಿದ ಆಹಾರವನ್ನು ಅಳೆಯಬಹುದು, ಹಾಕಿದ ಚುಚ್ಚುಮದ್ದನ್ನು ಎಣಿಸಬಹುದು. ಮಗುವಿನ ಬುದ್ಧಿಯ ಅರಳುವಿಕೆಯನ್ನು ವಹಿಯಲ್ಲಿ ಬರೆಯುವುದು ಕಷ್ಟ. ಹೀಗಾಗಿ ಬರೆಯಬರುವುದು ಮುಂದಾಗಿ, ಬರೆಯಬಾರದ್ದು ಹಿಂದಾಯಿತು. ಇವೆಲ್ಲವನ್ನೂ ಒಬ್ಬ ಸಹಾಯಕಿಯೊಡನೆ ನಿರ್ವಹಿಸುವ ಕಾರ್ಯಕರ್ತೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಆಕೆಗೆ ಉಪದಾನದ ಹಕ್ಕುಂಟೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಮಾನಿಸಬೇಕಾಗಿ ಬಂದಿತು. ಸ್ವಯಂಸೇವಕಿಯೆಂದು ಕರೆದು ಅಧ್ಯಾಪಿಕೆಯ ಕೆಲಸವನ್ನು ಅಪೇಕ್ಷಿಸುವುದು ನ್ಯಾಯವಲ್ಲ.

ಶಿಶುಶಿಕ್ಷಣದ ಉತ್ತಮಿಕೆಯು ದುಬಾರಿ ಉಪಕರಣಗಳಲ್ಲಿಲ್ಲವೆಂಬುದನ್ನು ಬೋರ್ಡಿಯ ಅಂಗಳವೇ ತೋರಿಸಿಕೊಟ್ಟಿತು. ಆದರೆ ತರಬೇತು ಪಡೆದ, ನೆಮ್ಮದಿಯಿಂದ ದುಡಿಯಬಲ್ಲ ಅಧ್ಯಾಪಿಕೆಯಿಲ್ಲದೆ ಬೆಣಚುಕಲ್ಲು ಬರಿಯ ಬೆಣಚುಕಲ್ಲೇ. ಪಟ್ಟಣಿಗರಾದ ನಾವು ಮಾಂಟೆಸರಿಯ ಹೆಸರು ಹೊತ್ತ ಶಾಲೆಗಳಿಗೆ ಹಣ ತೆತ್ತು ನಮ್ಮ ಮಕ್ಕಳನ್ನು ಕಳುಹಿಸುತ್ತೇವೆ. ಅದೇ ಪದ್ಧತಿಯು ಯಾರಿಗಾಗಿ ಹುಟ್ಟಿತೋ ಅವರ ಮಕ್ಕಳಿಗೆ ಗಂಜಿಯೊಂದೇ ಸಾಕೆಂದು ಬಗೆಯಬಾರದು. ಅಧಿಕಾರಿಗಳು ಕೇಂದ್ರವನ್ನು ಪರೀಕ್ಷಿಸಲು ಹೋದಾಗ ವಹಿಗಳನ್ನು ಕೇಳುವುದಕ್ಕೆ ಮುಂಚೆ, ಆ ದಿನ ಮಕ್ಕಳು ಏನು ಮಾಡಿದರು, ಬಾರದ ಮಗುವು ಏಕೆ ಬರಲಿಲ್ಲ ಎಂಬೆರಡು ಪ್ರಶ್ನೆಗಳನ್ನು ಕೇಳಲಿ. ಆ ಸಾಧ್ವಿಗೆ ಸಲ್ಲಬೇಕಾದ ಸ್ಮಾರಕವು ಅದೇ ಎಂದು ನಾವು ನಂಬಿದ್ದೇವೆ.