ಲೂಸಿ ವಿಲ್ಸ್: ಬಸುರಿಯರ ರಕ್ತಹೀನತೆಯ ಗುಟ್ಟು ಬಿಡಿಸಿದ ವೈದ್ಯೆ

ನೀವು ಶಿವಾಜಿನಗರದವರಿರಲಿ, ಹಲಸೂರಿನವರಿರಲಿ, ಈಚೆಗೆ ಕಲ್ಯಾಣ ನಗರದ ಕಡೆ ಮನೆ ಮಾಡಿಕೊಂಡವರಿರಲಿ, ನಿಮ್ಮ ಮನೆಯಲ್ಲಿ ಯಾರಾದರೂ ಬಸುರಿಯಾಗಿದ್ದರೆ ಒಂದು ಮಾತ್ರೆಯ ಪಟ್ಟಿ ಅಲ್ಲಿ ಇದ್ದೇ ಇರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ಬಿಟ್ಟಿಯಾಗಿ ಕೊಡುತ್ತಾರೆ. ಅದರಲ್ಲಿ ಕಬ್ಬಿಣದ ಅಂಶವಿದೆ ಎಂಬುದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಫೋಲಿಕ್ ಆಸಿಡ್ ಎಂಬ ಇನ್ನೊಂದು ವಸ್ತುವೂ ಇದೆ. ಅದು ಅಲ್ಲಿಗೆ ಹೇಗೆ ಬಂತು, ಯಾರು ತಂದರು ಎಂದು ಕೇಳಿದರೆ ಓದಿದವರೂ ಸುಮ್ಮನಾಗುತ್ತಾರೆ. ಆ ಕಥೆ ಮುಂಬಯಿಯ ಬಡ ಬೀದಿಗಳಲ್ಲಿ, ಹೆಚ್ಚಾಗಿ ಬಡ ಮುಸ್ಲಿಂ ಹೆಂಗಸರ ನಡುವೆ ಆರಂಭವಾದದ್ದು. ಆದ್ದರಿಂದ ಅದನ್ನು ನಾವು ತಿಳಿದಿರಬೇಕಾದದ್ದು ನ್ಯಾಯ.

ಲೂಸಿ ವಿಲ್ಸ್ ಹುಟ್ಟಿದ್ದು 1888ರ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ಅನುಕೂಲಸ್ಥ ಮನೆತನ. ತಂದೆ ವಿಜ್ಞಾನ ಓದಿದವರು, ತಾಯಿ ವೈದ್ಯರ ಮಗಳು. ಹೆಣ್ಣುಮಕ್ಕಳನ್ನೂ ಗಂಡುಮಕ್ಕಳಂತೆಯೇ ಓದಿಸಬೇಕೆಂಬ ಮನೆ ಅದು. ಚೆಲ್ಟನಂ ಮಹಿಳಾ ಕಾಲೇಜಿನಲ್ಲಿ ಓದಿ, 1907ರಲ್ಲಿ ಕೇಂಬ್ರಿಜ್‌ನ ನ್ಯೂನಂ ಕಾಲೇಜು ಸೇರಿದರು. ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ ಅವರ ವಿಷಯಗಳು. 1911ರಲ್ಲಿ ಪರೀಕ್ಷೆ ಮುಗಿಸಿದರು. ಆದರೆ ಪದವಿ ಸಿಗಲಿಲ್ಲ. ಅನುತ್ತೀರ್ಣರಾದರೆಂದು ತಿಳಿಯಬೇಡಿ. ಕೇಂಬ್ರಿಜ್ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ಪರೀಕ್ಷೆ ಬರೆಯಲು ಬಿಡುತ್ತಿತ್ತು, ಪದವಿ ಮಾತ್ರ ಕೊಡುತ್ತಿರಲಿಲ್ಲ. ಕೊಡಲು ಆರಂಭಿಸಿದ್ದು 1948ರಲ್ಲಿ. ಹೆಣ್ಣಿನ ವಿದ್ಯೆಗೆ ಅಡ್ಡ ಬರುವುದು ಪೂರ್ವ ದೇಶಗಳು ಮಾತ್ರ ಎಂದು ಹೇಳುವವರಿಗೆ ಈ ಒಂದು ಇಸವಿಯನ್ನು ನೆನಪಿಸಿದರೆ ಸಾಕು.

1911ರಲ್ಲೇ ತಂದೆ ತೀರಿಕೊಂಡರು, ಎರಡು ವರ್ಷದ ನಂತರ ಅಕ್ಕರೆಯ ಸಹೋದರಿಯೂ ತೀರಿಕೊಂಡರು. ಮುಂದೇನು ಮಾಡಬೇಕೆಂದು ತೋಚದ ಕಾಲ. ತಾಯಿಯೊಡನೆ ಸಿಂಹಳಕ್ಕೆ ಹೋಗಿ ಬಂದರು, ಬಳಿಕ ತಮ್ಮನೊಡನೆ ದಕ್ಷಿಣ ಆಫ್ರಿಕಕ್ಕೆ ಹೋದರು. ಅಲ್ಲಿದ್ದಾಗಲೇ 1914ರ ಮಹಾಯುದ್ಧ ಆರಂಭವಾಯಿತು. ಕೇಪ್‌ಟೌನ್‌ನ ಆಸ್ಪತ್ರೆಯೊಂದರಲ್ಲಿ ಕೆಲವು ವಾರ ಸ್ವಯಂಸೇವಕಿಯಾಗಿ ದಾದಿಯ ಕೆಲಸ ಮಾಡಿದರು. ಊರಿಗೆ ಮರಳಿದವರೇ 1915ರ ಜನವರಿಯಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆ ಸೇರಿದರು. ರಾಯಲ್ ಫ್ರೀ ಆಸ್ಪತ್ರೆಗೆ ಹೊಂದಿಕೊಂಡಿದ್ದ ಶಾಲೆ ಅದು. 1920ರಲ್ಲಿ ವೈದ್ಯರಾದಾಗ ಅವರ ವಯಸ್ಸು 32. ತಡವಾಯಿತು ಎಂದು ಓದು ಬಿಡುವ ನಮ್ಮ ಹೆಣ್ಣುಮಕ್ಕಳು ಈ ಲೆಕ್ಕವನ್ನೂ ಗಮನಿಸಬಹುದು. ರೋಗಿಗಳನ್ನು ನೋಡುವ ಖಾಸಗಿ ವೃತ್ತಿಗೆ ಅವರು ಹೋಗಲಿಲ್ಲ. ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಗರ್ಭಿಣಿಯರ ದೇಹದಲ್ಲಾಗುವ ಬದಲಾವಣೆಗಳನ್ನು ಅಳೆಯುವ ಕೆಲಸ ಹಿಡಿದರು.

ಇನ್ನು ಮುಂಬಯಿಗೆ ಬರೋಣ. ಅಲ್ಲಿ ಮಾರ್ಗರೆಟ್ ಬಾಲ್ಫರ್ ಎಂಬ ಹಿರಿಯ ವೈದ್ಯೆ ಹೆರಿಗೆಯಲ್ಲಿ ಸಾಯುವ ತಾಯಂದಿರ ಬಗ್ಗೆ ತನಿಖೆ ನಡೆಸುತ್ತಿದ್ದರು. ಎಷ್ಟೋ ತಾಯಂದಿರು ರಕ್ತಸ್ರಾವಕ್ಕೋ ಜ್ವರಕ್ಕೋ ಬಲಿಯಾಗುವ ಮುನ್ನವೇ ರಕ್ತವೇ ಇಲ್ಲದಂತಾಗಿ ಬಿಳಚಿಕೊಂಡಿರುತ್ತಿದ್ದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಹೆಂಗಸರಲ್ಲಿ, ಬಡ ಕುಟುಂಬಗಳಲ್ಲಿ ಇದು ಬಹಳ. ಏಳನೇ ಎಂಟನೇ ತಿಂಗಳಿಗೆ ಮುಖ ಊದಿ, ಏದುಸಿರು ಬಿಡುತ್ತಾ ಆಸ್ಪತ್ರೆಗೆ ಬರುತ್ತಿದ್ದರು. ಹೆರಿಗೆಯ ಅಲ್ಪ ರಕ್ತನಷ್ಟವನ್ನೂ ತಾಳುವ ಶಕ್ತಿ ಅವರಿಗಿರಲಿಲ್ಲ. 1928ರಲ್ಲಿ ಲೂಸಿ ವಿಲ್ಸ್ ಈ ಸಮಸ್ಯೆಯ ಬೆನ್ನು ಹತ್ತಲು ಪರೇಲಿನ ಹಾಫ್ಕಿನ್ ಸಂಸ್ಥೆಗೆ ಬಂದರು. ನಡುನಡುವೆ ಬಿಡುವಿದ್ದರೂ 1933ರವರೆಗೆ ಭಾರತದಲ್ಲೇ ಕೆಲಸ ಮಾಡಿದರು. ಒಂದು ಬೇಸಿಗೆಯಲ್ಲಿ ನೀಲಗಿರಿಯ ಕೂನೂರಿಗೆ ಹೋಗಿ ಅಲ್ಲೂ ಕೆಲಸ ಮಾಡಿದರು. 1931ರ ಆರಂಭದಲ್ಲಿ ಮದರಾಸಿನ ಜಾತಿ ಮತ್ತು ಘೋಷಾ ಆಸ್ಪತ್ರೆಯಲ್ಲೂ ಇದ್ದರು. ಅದೇ ಇಂದಿನ ಟ್ರಿಪ್ಲಿಕೇನ್‌ನ ಕಸ್ತೂರಬಾ ಗಾಂಧಿ ಆಸ್ಪತ್ರೆ.

ಘೋಷಾ ಎಂಬ ಪದ ಬೆಂಗಳೂರಿನವರಿಗೆ ಹೊಸದಲ್ಲ. ಶಿವಾಜಿನಗರದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಟ್ ಅವರ ದಾನದಿಂದ ಎದ್ದು ನಿಂತ ಘೋಷಾ ಆಸ್ಪತ್ರೆಯಲ್ಲಿ ಹುಟ್ಟಿದವರು ಈ ಪುಟ ಓದುತ್ತಿರುವವರಲ್ಲೇ ಹಲವರಿರಬಹುದು. ಪರದೆಯ ಹೆಂಗಸರು ಗಂಡು ವೈದ್ಯರಿರುವ ಕಡೆ ಬರಲಾರರು, ಬಾರದೆ ಸಾಯುತ್ತಾರೆ ಎಂದು ಅರಿತವರು ಕಟ್ಟಿದ ಆಸ್ಪತ್ರೆಗಳು ಇವು. ಪರದೆಯನ್ನು ಹಳಿಯುತ್ತಾ ಕೂರುವುದು ಸುಲಭವಿತ್ತು. ಬಾಗಿಲೊಳಗೆ ಹೋಗಬಲ್ಲ ವೈದ್ಯೆಯರನ್ನು ತಯಾರು ಮಾಡುವುದು ಕಷ್ಟದ ಕೆಲಸ. ಬಾಲ್ಫರ್ ಮತ್ತು ವಿಲ್ಸ್ ಆ ಎರಡನೆಯ ಜಾತಿಯವರು. ಗಂಡು ಸಂಶೋಧಕನಿಗೆ ಆ ಮನೆಗಳ ಅಡಿಗೆಕೋಣೆಯವರೆಗೆ ಹೋಗುವುದು ಸಾಧ್ಯವೇ ಇರಲಿಲ್ಲ.

ಈ ರೋಗದ ಒಂದು ವಿಚಿತ್ರವನ್ನು ನೀವು ತಿಳಿಯಬೇಕು. ಸಾಮಾನ್ಯ ರಕ್ತಹೀನತೆಯಲ್ಲಿ, ಅಂದರೆ ಕಬ್ಬಿಣ ಸಾಲದಾದಾಗ, ಕೆಂಪು ರಕ್ತಕಣಗಳು ಚಿಕ್ಕದಾಗಿ ಪೇಲವವಾಗುತ್ತವೆ. ಈ ಹೆಂಗಸರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಣಗಳ ಸಂಖ್ಯೆ ಬಹಳ ಕಡಿಮೆ, ಆದರೆ ಒಂದೊಂದು ಕಣವೂ ಇರಬೇಕಾದದ್ದಕ್ಕಿಂತ ದೊಡ್ಡದು. ಕಬ್ಬಿಣ ಕೊಟ್ಟರೆ ಪ್ರಯೋಜನವಿಲ್ಲ. ಇಂಥದೇ ದೊಡ್ಡ ಕಣಗಳು ಪಾಶ್ಚಾತ್ಯ ದೇಶಗಳಲ್ಲಿ ವಯಸ್ಸಾದವರಿಗೆ ಬರುವ ಮಾರಕ ರಕ್ತಹೀನತೆಯಲ್ಲಿ ಕಾಣುತ್ತಿದ್ದವು. ಅದಕ್ಕೆ 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ಪ್ರಾಣಿಯ ಯಕೃತ್ತು, ಅಂದರೆ ಕಲೇಜಿ ತಿನ್ನಿಸಿ ಗುಣಪಡಿಸಿದ್ದರು. ಆದರೆ ಮುಂಬಯಿಯ ಹೆಂಗಸರು ಹರೆಯದವರು, ಬಸುರಿಯರು, ಬಡವರು. ಹೆರಿಗೆಯಾಗಿ ಬದುಕಿ ಉಳಿದರೆ ರೋಗ ತಾನಾಗಿ ಇಳಿಯುತ್ತಿತ್ತು. ಎರಡೂ ಒಂದೇ ರೋಗವಾಗಿರಲಾರದು.

ಸೋಂಕಿರಬಹುದೇ ಎಂದು ಮೊದಲು ನೋಡಿದರು. ಮಲ, ರಕ್ತ ಎಲ್ಲವನ್ನೂ ಪರೀಕ್ಷಿಸಿದರು, ರೋಗಾಣು ಸಿಗಲಿಲ್ಲ. ಹಾಗಾದರೆ ಅನ್ನದಲ್ಲೇ ಇದೆ ಕಾರಣ ಎಂದು ಮನೆಮನೆಯ ಊಟದ ಪರಿಶೀಲನೆಗೆ ಇಳಿದರು. ಇದರಲ್ಲಿ ಅವರ ಜೊತೆಗಿದ್ದವರು ತಲಪಡೆ ಎಂಬ ಭಾರತೀಯ ಸಹೋದ್ಯೋಗಿ. ಯಾರು ಏನು ತಿನ್ನುತ್ತಾರೆ, ಎಷ್ಟು ಹಾಲು, ಎಷ್ಟು ಸೊಪ್ಪು, ಎಷ್ಟು ಹಣ್ಣು ಎಂಬುದರ ದಾಖಲೆ ತಯಾರಾಯಿತು. ರೋಗ ಹೆಚ್ಚಾಗಿದ್ದ ಬಡ ಮುಸ್ಲಿಂ ಮನೆಗಳಲ್ಲಿ ಪಾಲಿಶ್ ಮಾಡಿದ ಅಕ್ಕಿ, ರೊಟ್ಟಿ ಮುಖ್ಯ ಆಹಾರ. ಹಸಿರು ಸೊಪ್ಪು, ಹಣ್ಣು ತೀರ ಅಪರೂಪ. ಅನುಕೂಲಸ್ಥರ ಮನೆಗಳಲ್ಲಿ ರೋಗವೂ ಅಪರೂಪ. ನಮ್ಮವರು ಮಾಂಸಾಹಾರಿಗಳು, ನಮಗೆ ರಕ್ತದ ಕೊರತೆ ಬಾರದು ಎಂಬ ನಂಬಿಕೆ ಇಂದಿಗೂ ಕೆಲವು ಮನೆಗಳಲ್ಲಿದೆ. ತಿಂಗಳಿಗೊಮ್ಮೆ ಬರುವ ಮಾಂಸದಲ್ಲಿ ಮನೆಯೊಡತಿಯ ತಟ್ಟೆಗೆ ಎಷ್ಟು ಬರುತ್ತದೆ ಎಂಬುದನ್ನು ಆ ನಂಬಿಕೆ ಲೆಕ್ಕ ಹಾಕುವುದಿಲ್ಲ.

ಮುಂದೆ ಇಲಿಗಳ ಪ್ರಯೋಗ. ಆ ಹೆಂಗಸರು ಉಣ್ಣುವಂಥದೇ ಊಟವನ್ನು ಇಲಿಗಳಿಗೆ ಕೊಟ್ಟರು. ಗರ್ಭ ಧರಿಸಿದ ಇಲಿಗಳು ರಕ್ತಹೀನವಾಗಿ ಸತ್ತವು. ಯೀಸ್ಟ್ ಸೇರಿಸಿದರೆ ಬದುಕಿದವು. ಉತ್ತರ ಸಿಕ್ಕಿತೆಂದೇ ತೋರಿತು. ಆದರೆ ಹೇನುಗಳಿಂದ ಹರಡುವ ಬಾರ್ಟೊನೆಲ್ಲ ಎಂಬ ಸೋಂಕು ಇಲಿಗಳಲ್ಲಿ ಸೇರಿಕೊಂಡಿತ್ತೆಂದು ಆಮೇಲೆ ತಿಳಿಯಿತು, ಫಲಿತಾಂಶ ಗೊಂದಲವಾಯಿತು. ಅವರು ಅದನ್ನು ಮುಚ್ಚಿಡಲಿಲ್ಲ, ಪ್ರಕಟಿಸಿದರು. ಕೋತಿಗಳ ಮೇಲೆ ಮತ್ತೆ ಪ್ರಯೋಗ ಮಾಡಿದರು. ಅಲ್ಲೂ ಯೀಸ್ಟ್ ಫಲ ಕೊಟ್ಟಿತು.

ಯೀಸ್ಟಿನ ಸಾರ ಬೇರೆ ಎಲ್ಲೂ ಹುಡುಕಬೇಕಿರಲಿಲ್ಲ. ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಮಾರ್ಮೈಟ್ ಎಂಬ ಕಪ್ಪು, ಉಪ್ಪುಪ್ಪಾದ ಲೇಹ್ಯ ಅದು. ಮದ್ಯ ತಯಾರಿಸುವ ಕಾರ್ಖಾನೆಗಳಲ್ಲಿ ಮಿಕ್ಕ ಯೀಸ್ಟಿನಿಂದ ಮಾಡುತ್ತಿದ್ದರು. ಬಲು ಅಗ್ಗ. ಯಕೃತ್ತಿನ ಸಾರ ಬಡವರಿಗೆ ಎಟುಕದ ಬೆಲೆ, ಸಸ್ಯಾಹಾರಿಗಳಿಗೆ ಅದು ಬೇಡವೇ ಬೇಡ. ಮುಂಬಯಿಯ ರೋಗಿಗಳಿಗೆ ಮಾರ್ಮೈಟ್ ಕೊಟ್ಟಾಗ ನಾಲ್ಕನೆಯ ದಿನಕ್ಕೇ ರಕ್ತದಲ್ಲಿ ಹೊಸ ಎಳೆಯ ಕಣಗಳು ಏರತೊಡಗಿದವು. ಅದಕ್ಕೂ ಮುಂಚೆಯೇ ಊಟ ಸೇರದೆ ಮಲಗಿದ್ದವರು ಊಟ ಕೇಳತೊಡಗಿದ್ದರು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಚಿಕಿತ್ಸೆಯ ವರದಿ ಪ್ರಕಟವಾಯಿತು. ಯೀಸ್ಟಿನಲ್ಲಿರುವ ಆ ಹೆಸರಿಲ್ಲದ ವಸ್ತುವನ್ನು ವೈದ್ಯ ಲೋಕ ವಿಲ್ಸ್ ಅಂಶ ಎಂದು ಕರೆಯಿತು.

1937ರಲ್ಲಿ ಮತ್ತೆ ಮುಂಬಯಿಗೆ ಹೊರಟರು. ಈ ಸಲ ವಿಮಾನದಲ್ಲಿ, ನೀರಿನ ಮೇಲೆ ಇಳಿಯುವ ದೋಣಿ ವಿಮಾನದಲ್ಲಿ. ಸೌತಾಂಪ್ಟನ್‌ನಿಂದ ಅಥೆನ್ಸ್, ಅಲೆಕ್ಸಾಂಡ್ರಿಯ, ಬಸ್ರಾ, ಬಹರೈನ್, ದುಬೈ ಮೊದಲಾದ ಕಡೆ ಇಳಿಯುತ್ತಾ ಕರಾಚಿ ಮುಟ್ಟಲು ಐದು ದಿನ! ಆ ಬಾರಿಯ ಕೆಲಸ ನನ್ನ ದೃಷ್ಟಿಯಲ್ಲಿ ಅವರ ಅತಿ ಮುಖ್ಯ ಕೆಲಸ, ಅದನ್ನು ಹೇಳುವವರು ಕಡಿಮೆ. ಹಿಂದೆ ಒರಟಾಗಿ ತೆಗೆದ ಯಕೃತ್ತಿನ ಸಾರ ಈ ಬಸುರಿಯರಿಗೂ ಹಿಡಿಯುತ್ತಿತ್ತು. ಆಗ ಶುದ್ಧೀಕರಿಸಿದ ಹೊಸ ಸಾರ ಬಂದಿತ್ತು, ಮಾರಕ ರಕ್ತಹೀನತೆಗೆ ಅದು ರಾಮಬಾಣ. ವಿಲ್ಸ್ ಅದನ್ನು ಮುಂಬಯಿಯ ರೋಗಿಗಳಿಗೆ ಕೊಟ್ಟು ನೋಡಿದರು. ಏನೂ ಆಗಲಿಲ್ಲ! ಅಂದರೆ ಶುದ್ಧೀಕರಿಸುವಾಗ ಏನೋ ಒಂದು ಬಿಟ್ಟುಹೋಗಿದೆ, ಈ ಹೆಂಗಸರಿಗೆ ಬೇಕಾದದ್ದು ಅದೇ. ಬಾರ್ಬರಾ ಇವಾನ್ಸ್ ಅವರೊಡಗೂಡಿ 1938ರಲ್ಲಿ ಇದನ್ನು ಪ್ರಕಟಿಸಿದರು. ಒಂದೇ ರೂಪದ ಎರಡು ರೋಗ, ಎರಡು ಬೇರೆ ಬೇರೆ ಕೊರತೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಮುಂದಿನ ಹೆಜ್ಜೆಗಳನ್ನು ಬೇರೆಯವರು ಇಟ್ಟರು. 1941ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಎಲೆಯಿಂದ ಬಂದದ್ದೆಂದು ಲ್ಯಾಟಿನ್ ಪದ ಹಿಡಿದು ಫೋಲಿಕ್ ಆಸಿಡ್ ಎಂದು ಹೆಸರಿಟ್ಟರು. 1945ರಲ್ಲಿ ಲೆಡರ್ಲಿ ಪ್ರಯೋಗಶಾಲೆ ಅದನ್ನು ಕೃತಕವಾಗಿ ತಯಾರಿಸಿತು. ಆ ತಂಡದ ಮುಖ್ಯಸ್ಥರು ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮುಂಬಯಿಯ ಬಸುರಿಯರಲ್ಲಿ ಕಂಡ ಕೊರತೆಗೆ ಮದ್ದು ಅಮೆರಿಕದಲ್ಲಿ ಒಬ್ಬ ತೆಲುಗು ವಿಜ್ಞಾನಿಯ ಮೇಲ್ವಿಚಾರಣೆಯಲ್ಲಿ ತಯಾರಾಯಿತು.

ವಿಲ್ಸ್ ಆ ಹೊತ್ತಿಗೆ ಲಂಡನ್ನಿನಲ್ಲಿ ಯುದ್ಧದ ನಡುವೆ ಇದ್ದರು. 1944ರಲ್ಲಿ ಹಾರುವ ಬಾಂಬು ರಾಯಲ್ ಫ್ರೀ ಆಸ್ಪತ್ರೆಗೆ ಬಡಿದು ಅವರ ವಿಭಾಗಕ್ಕೂ ಪೆಟ್ಟಾಯಿತು. ಯುದ್ಧಕಾಲದ ಪಡಿತರದಲ್ಲಿ ಬಾಳುತ್ತಿದ್ದ ಬಸುರಿಯರಿಗೆ ಕಬ್ಬಿಣ ಕೊಡುವುದರ ಫಲವನ್ನೂ ಅಳೆದು 1947ರಲ್ಲಿ ಪ್ರಕಟಿಸಿದರು. ಅದೇ ವರ್ಷ ನಿವೃತ್ತರಾದರು. ಜಮೈಕ, ಫಿಜಿ, ದಕ್ಷಿಣ ಆಫ್ರಿಕಗಳಲ್ಲಿ ಜನರ ಆಹಾರ, ರಕ್ತಹೀನತೆಗಳ ಕೆಲಸ ಮುಂದುವರಿಯಿತು. ಮದುವೆಯಾಗಲಿಲ್ಲ. ಮೇಲಧಿಕಾರಿಗಳು ಕಾರಿನಲ್ಲಿ ಬರುವ ಕಾಲದಲ್ಲಿ ಇವರು ಸೈಕಲ್ಲಿನಲ್ಲಿ ಕೆಲಸಕ್ಕೆ ಬರುತ್ತಿದ್ದರು. ಬದುಕಿನ ಕೊನೆಯ ಹತ್ತು ವರ್ಷ ಚೆಲ್ಸಿಯಲ್ಲಿ ಲೇಬರ್ ಪಕ್ಷದ ನಗರಸಭಾ ಸದಸ್ಯೆ. 1964ರ ಏಪ್ರಿಲ್ 26ರಂದು ತೀರಿಕೊಂಡರು. ಯಕೃತ್ತಿನ ಚಿಕಿತ್ಸೆ ಕಂಡವರಿಗೆ 1934ರಲ್ಲೇ ನೊಬೆಲ್ ಸಂದಿತ್ತು. ವಿಲ್ಸ್ ಅವರಿಗೆ ಅಂಥದ್ದೇನೂ ಬರಲಿಲ್ಲ.

ಅವರ ಕೆಲಸದ ಒಂದು ದೊಡ್ಡ ಫಲವನ್ನು ಅವರು ನೋಡಲೇ ಇಲ್ಲ. ಮಗುವಿನ ಬೆನ್ನುಹುರಿ ಮುಚ್ಚದೆ ಹುಟ್ಟುವ ದೋಷ ಹಿಂದೊಮ್ಮೆ ಆಗಿದ್ದ ತಾಯಂದಿರ ಮೇಲೆ 7 ದೇಶಗಳ 33 ಕೇಂದ್ರಗಳಲ್ಲಿ ಒಂದು ಪರೀಕ್ಷೆ ನಡೆದು, 1991ರಲ್ಲಿ ಫಲಿತಾಂಶ ಬಂತು. ಬಸಿರಿಗೆ ಮೊದಲೇ ಫೋಲಿಕ್ ಆಸಿಡ್ ತೆಗೆದುಕೊಂಡವರಲ್ಲಿ ದೋಷ ಶೇಕಡಾ 72ರಷ್ಟು ತಗ್ಗಿತ್ತು. ಮೊದಲೇ ಎಂಬ ಪದವನ್ನು ನೀವು ಗಮನಿಸಿ. ಆ ಹುರಿ ಮುಚ್ಚುವುದು ಗರ್ಭ ನಿಂತ ಸುಮಾರು 28 ದಿನಗಳೊಳಗೆ. ಎಷ್ಟೋ ಹೆಣ್ಣುಮಕ್ಕಳಿಗೆ ಆಗಿನ್ನೂ ತಾವು ಬಸುರಿಯೆಂದೇ ತಿಳಿದಿರುವುದಿಲ್ಲ. ಮೂರನೆಯ ತಿಂಗಳಲ್ಲಿ ಆಸ್ಪತ್ರೆಗೆ ಹೋಗಿ ತರುವ ಮಾತ್ರೆ ತಾಯಿಯ ರಕ್ತಕ್ಕೆ ಒಳ್ಳೆಯದು, ಆದರೆ ಈ ಕೆಲಸಕ್ಕೆ ತಡ. ಮದುವೆ ನಿಶ್ಚಯವಾದಾಗ ಒಡವೆಯ ಪಟ್ಟಿಯ ಜೊತೆಗೆ ಇದನ್ನೂ ವೈದ್ಯರ ಬಳಿ ಕೇಳುವ ರೂಢಿ ನಮ್ಮ ಮನೆಗಳಲ್ಲಿ ಬರಬೇಕು.

ಭಾರತ ಸರ್ಕಾರ 1970ರಿಂದಲೂ ಬಸುರಿಯರಿಗೆ ಕಬ್ಬಿಣ, ಫೋಲಿಕ್ ಆಸಿಡ್ ಮಾತ್ರೆ ಹಂಚುತ್ತಾ ಬಂದಿದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇಕಡಾ 52 ಮಂದಿ ರಕ್ತಹೀನರು. ಮಾತ್ರೆ ಹೊಟ್ಟೆ ಕೆಡಿಸುತ್ತದೆ, ಮಲ ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅತ್ತೆಯೋ ನೆರೆಯವರೋ ಹೇಳಿದ್ದನ್ನು ಕೇಳಿ ಪಟ್ಟಿ ಕಪಾಟಿನಲ್ಲೇ ಉಳಿಯುತ್ತದೆ. ಮಲ ಕಪ್ಪಾಗುವುದು ಕಬ್ಬಿಣದಿಂದ, ಅದರಿಂದ ಅಪಾಯವಿಲ್ಲ. ಮಾತ್ರೆ ನುಂಗಿದ ಕೂಡಲೇ ಚಹಾ ಕುಡಿದರೆ ಮಾತ್ರ ಕಬ್ಬಿಣ ಮೈಗೆ ಹತ್ತುವುದು ತಗ್ಗುತ್ತದೆ.

ವಿಲ್ಸ್ ಬೇರೆ ಮಾಡಿ ತೋರಿಸಿದ ಆ ಎರಡು ಕೊರತೆಗಳ ಇನ್ನೊಂದು ಅರ್ಧ ಈಗ ನಮ್ಮ ಕರ್ನಾಟಕದಲ್ಲೇ ಸಂಶೋಧನೆಯ ವಿಷಯವಾಗಿದೆ. ಶುದ್ಧ ಯಕೃತ್ತಿನ ಸಾರದಲ್ಲಿದ್ದ, ಮುಂಬಯಿಯ ಹೆಂಗಸರಿಗೆ ಪ್ರಯೋಜನಕ್ಕೆ ಬಾರದ ವಸ್ತು 1948ರಲ್ಲಿ ಬಿ12 ಜೀವಸತ್ವವೆಂದು ಗುರುತಾಯಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರ ರಕ್ತ ಸಂಗ್ರಹಿಸಿ ಆಮೇಲೆ ಪರೀಕ್ಷಿಸಿದಾಗ ಫೋಲೇಟ್ ಕಡಿಮೆಯಿದ್ದವರು ವಿರಳ, ಬಿ12 ಕಡಿಮೆಯಿದ್ದವರು ಶೇಕಡಾ 43. ಬಿ12 ಕಡಿಮೆಯಿದ್ದವರಲ್ಲಿ ಬಸಿರಿನ ಕಾಲದ ಸಕ್ಕರೆ ಕಾಯಿಲೆಯೂ ಹೆಚ್ಚಾಗಿ ಕಂಡಿತು. ಫೋಲಿಕ್ ಆಸಿಡ್ ಒಂದನ್ನೇ ನುಂಗುತ್ತಾ ಹೋದರೆ ಬಿ12 ಕೊರತೆಯಿಂದಾದ ರಕ್ತಹೀನತೆ ಮೇಲ್ನೋಟಕ್ಕೆ ಸರಿಹೋಗುತ್ತದೆ, ಆದರೆ ನರಗಳಿಗಾಗುವ ಹಾನಿ ಒಳಗೇ ಮುಂದುವರಿಯಬಹುದು. ಮಾತ್ರೆ ನುಂಗುತ್ತಿದ್ದರೂ ಸುಸ್ತು ಇಳಿಯದೆ, ಕೈಕಾಲು ಜುಮುಗುಟ್ಟುತ್ತಿದ್ದರೆ ಬಿ12 ಪರೀಕ್ಷೆಯನ್ನೂ ಮಾಡಿಸಿರೆಂದು ವೈದ್ಯರನ್ನು ನೀವೇ ಕೇಳಿ.