ಶಂಕರ್ ನಾಗ್‌ಗೆ ತಮ್ಮ ಸಾವು ಮೊದಲೇ ಗೊತ್ತಿತ್ತೇ?

ನಿಮ್ಮ ವಾಟ್ಸಾಪ್‌ಗೆ ಅರ್ಧ ನಿಮಿಷದ ವಿಡಿಯೊ ಬಂತು ಅಂದುಕೊಳ್ಳಿ. ಮೊದಲು ಶಂಕರ್ ನಾಗ್ ನಿರ್ದೇಶಿಸಿದ ‘ಆ್ಯಕ್ಸಿಡೆಂಟ್’ ಸಿನಿಮಾದ ಪೋಸ್ಟರ್. ಆಮೇಲೆ ನಜ್ಜುಗುಜ್ಜಾದ ಕಾರು. ಕೊನೆಗೆ ಹಾರ ಹಾಕಿದ ಅವರ ಫೋಟೊ. ಅದರಲ್ಲಿ ಯಾರೂ ಒಂದು ಮಾತು ಆಡಿಲ್ಲ. ಆದರೂ ಅವರಿಗೆ ಸಾವಿನ ಸುಳಿವು ಸಿಕ್ಕಿತ್ತೇನೋ ಎಂದು ಮೈ ಜುಮ್ಮೆನ್ನುತ್ತದೆ.

ಈ ಅನಿಸಿಕೆ ಎಲ್ಲಿಂದ ಬಂತು? ಅವರ ಬದುಕನ್ನು ಕ್ರಮವಾಗಿ ನೋಡಿದರೆ ತಿಳಿಯುತ್ತದೆ.

ಶಂಕರ್ ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಹೊನ್ನಾವರದಲ್ಲಿ. ನಮ್ಮ ಸಂತೆಗುಳಿಯವರಿಗೆ ಅದು ಪಕ್ಕದ ತಾಲ್ಲೂಕು. ಮುಂಬೈಗೆ ಹೋಗಿ ಮರಾಠಿ ರಂಗಭೂಮಿಯಲ್ಲಿ ಪಳಗಿದರು. 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ಹೆಸರಾದರು. 1980ರಲ್ಲಿ ‘ಮಿಂಚಿನ ಓಟ’ದ ಮೂಲಕ ನಿರ್ದೇಶಕರಾದರು.

1985ರಲ್ಲಿ ಬಂದದ್ದು ‘ಆ್ಯಕ್ಸಿಡೆಂಟ್’. ಅಮಲಿನಲ್ಲಿ ಕಾರು ಓಡಿಸುವ ರಾಜಕಾರಣಿಯ ಮಗ, ಫುಟ್‌ಪಾತ್ ಮೇಲೆ ಮಲಗಿರುವ ಬಡವರು. ಇದು ಅದರ ಕಥೆಯ ಬೀಜ.

ಇಂಥ ಕಥೆಯಲ್ಲಿ ಸಂಕಲನದ ಕೆಲಸ ನೋಡಿ. ಮಲಗಿದವರ ಶಾಟ್ ಮಾತ್ರ ತೋರಿಸಿದರೆ ಅದು ಬರೀ ನಿದ್ದೆ. ವೇಗವಾಗಿ ಓಡುವ ಕಾರು ಬರೀ ಕಾರು. ಒಂದರ ಬೆನ್ನಿಗೆ ಇನ್ನೊಂದನ್ನು ಇಟ್ಟರೆ ಎದೆ ಡವಗುಟ್ಟುತ್ತದೆ. ಭಯ ಎರಡೂ ಶಾಟ್‌ಗಳಲ್ಲಿ ಇರಲಿಲ್ಲ. ಜೋಡಣೆಯಿಂದ ನಮ್ಮ ತಲೆಯಲ್ಲಿ ಹುಟ್ಟಿತು. ಇದೇ ಮೊಂಟಾಜ್.

ನೂರು ವರ್ಷಗಳ ಹಿಂದೆಯೇ ರಷ್ಯಾದ ಕುಲೆಶೋವ್ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ಒಬ್ಬ ನಟನ ಒಂದೇ ಮುಖ. ಪಕ್ಕದಲ್ಲಿ ಸೂಪಿನ ತಟ್ಟೆ ಇಟ್ಟರೆ ಅವನಿಗೆ ಹಸಿವು, ಶವಪೆಟ್ಟಿಗೆ ಇಟ್ಟರೆ ದುಃಖ. 1925ರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ನಲ್ಲಿ ಐಸೆನ್‌ಸ್ಟೈನ್ ಮಲಗಿದ, ಎಚ್ಚೆತ್ತ, ಎದ್ದ ಮೂರು ಕಲ್ಲಿನ ಸಿಂಹಗಳನ್ನು ಸಾಲಾಗಿ ಜೋಡಿಸಿದರು. ಕಲ್ಲು ಎದ್ದು ನಿಂತಂತೆ ಕಂಡಿತು!

‘ಆ್ಯಕ್ಸಿಡೆಂಟ್’ ಆದ ಮೇಲೂ ಶಂಕರ್ ಸುಮ್ಮನೆ ಕೂರಲಿಲ್ಲ. ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದರು. 1987ರಲ್ಲಿ ಡಾ. ರಾಜ್‌ಕುಮಾರ್ ಜೊತೆ ‘ಒಂದು ಮುತ್ತಿನ ಕಥೆ’ ಮಾಡಿದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ವಯಸ್ಸು ಬರೀ 35.

ಸಿನಿಮಾಕ್ಕೂ ಸಾವಿಗೂ ನಡುವೆ ಐದು ವರ್ಷಗಳ ಕೆಲಸ ಇದೆ. ಆ ಅರ್ಧ ನಿಮಿಷದ ವಿಡಿಯೊ ಕತ್ತರಿಸಿ ಎಸೆಯುವುದು ಅದನ್ನೇ. ಕಥೆಯೂ ಹಣೆಬರಹದ್ದಲ್ಲ. ಅಧಿಕಾರ ಇದ್ದವರ ಮಗ ತಪ್ಪು ಮಾಡಿದರೆ ಫುಟ್‌ಪಾತ್‌ನವರಿಗೆ ನ್ಯಾಯ ಸಿಗುತ್ತದೆಯೇ ಎಂಬುದು ಅದರ ಪ್ರಶ್ನೆ. ಭವಿಷ್ಯವಾಣಿ ಎಂದು ಹಂಚಿದರೆ ಆ ಪ್ರಶ್ನೆ ಮರೆತೇ ಹೋಗುತ್ತದೆ.

ಆದ್ದರಿಂದ ಯಾವುದೇ ವಿಡಿಯೊ ಫಾರ್ವರ್ಡ್ ಮಾಡುವ ಮೊದಲು ಹೀಗೆ ಮಾಡಿ. ಸೌಂಡ್ ಮ್ಯೂಟ್ ಮಾಡಿ. ಒಂದೊಂದು ದೃಶ್ಯವನ್ನೂ ನಿಲ್ಲಿಸಿ, ಇದು ಎಲ್ಲಿಯದು, ಯಾವಾಗಿನದು ಎಂದು ಕೇಳಿಕೊಳ್ಳಿ. ಎರಡು ದೃಶ್ಯಗಳು ನಿಜ ಇರಬಹುದು. ಅವನ್ನು ಜೋಡಿಸಿ ಹೇಳಿದ ಮೂರನೆಯ ಮಾತು ಸುಳ್ಳಿರಬಹುದು.