ಸೋಲಿನ ಹೊಣೆ ಹೊತ್ತ ಧವನ್

2023ರ ಅಕ್ಟೋಬರ್ 21ರ ಬೆಳಿಗ್ಗೆ ವೇಣೂರಿನ ನಮ್ಮ ಮನೆಯಲ್ಲಿ ದೂರದರ್ಶನದ ಮುಂದೆ ಕುಳಿತಿದ್ದೆ. ಶ್ರೀಹರಿಕೋಟಾದಲ್ಲಿ ಗಗನಯಾನದ ಪರೀಕ್ಷಾ ವಾಹನ ಮೇಲೇರಬೇಕಿತ್ತು. ಇನ್ನು ಐದೇ ಸೆಕೆಂಡು ಎನ್ನುವಾಗ ಗಣಕಯಂತ್ರವೇ ಅದನ್ನು ತಡೆಯಿತು. ದೋಷವನ್ನು ಹುಡುಕಿ ಸರಿಪಡಿಸಿ ಹತ್ತು ಗಂಟೆಗೆ ಹಾರಿಸಿದರು. ಸುಮಾರು 12 ಕಿ.ಮೀ. ಎತ್ತರದಲ್ಲಿ, ಅಪಾಯ ಒದಗಿದೆ ಎಂಬ ಕಲ್ಪನೆಯ ಮೇಲೆ, ಪಾರುಮಾಡುವ ಮೋಟಾರುಗಳು ಸಿಬ್ಬಂದಿ ಕೋಶವನ್ನು ರಾಕೆಟ್ಟಿನಿಂದ ಕಿತ್ತು ದೂರ ಒಯ್ದವು. ಕೋಶ ಪ್ಯಾರಾಚೂಟುಗಳ ಆಸರೆಯಲ್ಲಿ ಬಂಗಾಳ ಕೊಲ್ಲಿಗಿಳಿಯಿತು. ಅದರೊಳಗೆ ಮನುಷ್ಯರಿರಲಿಲ್ಲ. ಸೋಲಬಹುದು ಎಂಬುದನ್ನು ಮೊದಲೇ ಒಪ್ಪಿಕೊಂಡು ಅದಕ್ಕೆ ಸಿದ್ಧವಾಗುವ ಈ ಶಿಸ್ತನ್ನು ನೋಡಿದಾಗ ನನಗೆ ನೆನಪಾದವರು ಸತೀಶ್ ಧವನ್. ಆ ಉಡಾವಣಾ ಕೇಂದ್ರ 2002ರಿಂದ ಅವರ ಹೆಸರನ್ನೇ ಹೊತ್ತಿದೆ.

ಧವನ್ ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು, ಶ್ರೀನಗರದಲ್ಲಿ. ಲಾಹೋರಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ಮೆಕ್ಯಾನಿಕಲ್ ಎಂಜಿನಿಯರಿಂಗ್, ಹೀಗೆ ಮೂರು ದಿಕ್ಕಿನ ಪದವಿಗಳನ್ನು ಪಡೆದರು. ಅಮೆರಿಕೆಯ ಮಿನ್ನೆಸೋಟದಲ್ಲಿಯೂ ಆ ಬಳಿಕ ಕ್ಯಾಲ್ಟೆಕ್‌ನಲ್ಲಿಯೂ ಕಲಿತು, 1951ರಲ್ಲಿ ಡಾಕ್ಟರೇಟ್ ಮುಗಿಸಿ, ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ಶಬ್ದಾತೀತ ವೇಗದ ಗಾಳಿಸುರಂಗವನ್ನು ಅಲ್ಲಿ ಕಟ್ಟಿದರು. 1962ರಲ್ಲಿ ಸಂಸ್ಥೆಯ ನಿರ್ದೇಶಕರಾಗಿ 1981ರವರೆಗೂ ಆ ಹುದ್ದೆಯಲ್ಲಿದ್ದರು.

1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯಿ ಅಕಾಲಿಕವಾಗಿ ತೀರಿಕೊಂಡಾಗ ಧವನ್ ಕ್ಯಾಲ್ಟೆಕ್‌ನಲ್ಲಿ ಪಾಠ ಮಾಡುತ್ತಿದ್ದರು. ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಹೊರುವಂತೆ ಪ್ರಧಾನಿ ಇಂದಿರಾ ಗಾಂಧಿಯವರಿಂದ ಕರೆ ಬಂತು. ಒಪ್ಪುವ ಮೊದಲು ಅವರು ಎರಡು ಷರತ್ತುಗಳನ್ನಿಟ್ಟರು: ಇಲಾಖೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು, ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು. ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಅಷ್ಟಾದರೂ ಒಪ್ಪಿಕೊಂಡ ಪಾಠವನ್ನು ಮುಗಿಸಿಯೇ ಅವರು ಮರಳಿದರು. ಬಾಹ್ಯಾಕಾಶದಂಥ ಇಲಾಖೆಯೊಂದು ದೆಹಲಿಯ ಕಾರಿಡಾರುಗಳಿಂದ ದೂರ ಬೆಳೆದದ್ದರ ಬೆಲೆ ಏನೆಂಬುದು ಆಡಳಿತದಲ್ಲಿದ್ದವರಿಗೆ ಗೊತ್ತು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿ, 1975ರಲ್ಲಿ ಅದು ಕಕ್ಷೆ ಸೇರಿದ್ದು ಧವನ್ ಅವರ ಕಾಲದಲ್ಲೇ.

ರಾಕೆಟ್ ಎಂದರೆ ಬಹುಪಾಲು ಕಳಚಿ ಎಸೆಯುವುದೇ. ಉರಿದು ಮುಗಿದ ಹಂತಗಳು ಒಂದೊಂದಾಗಿ ಬೀಳುತ್ತವೆ. ವಾತಾವರಣದ ಘರ್ಷಣೆಯಿಂದ ಉಪಗ್ರಹವನ್ನು ಕಾಯುವ ತುದಿಯ ಶಾಖಕವಚ, ಗಾಳಿ ತೆಳುವಾದೊಡನೆ ಎರಡು ಹೋಳಾಗಿ ಕಳಚಬೇಕು. ಬೀಳುವುದೆಲ್ಲ ಜನರ ಮೇಲೆ ಬೀಳಬಾರದು ಎಂಬ ಕಾರಣಕ್ಕೇ ಪೂರ್ವಕ್ಕೆ ಕಡಲು ತೆರೆದಿರುವ ಶ್ರೀಹರಿಕೋಟಾದ ಆಯ್ಕೆ. ದಕ್ಷಿಣಕ್ಕೆ ಹೊರಟ ವಾಹನಗಳು ಶ್ರೀಲಂಕೆಯನ್ನು ತಪ್ಪಿಸಲು ದಾರಿಯಲ್ಲಿ ಬಾಗುತ್ತವೆ, ಆ ಬಾಗುವಿಕೆಗೆ ತೆರುವ ಬೆಲೆ ಇಂಧನ. ಕಳಚಬೇಕಾದದ್ದು ಕಳಚದಿದ್ದರೆ ಏನಾಗುತ್ತದೆ ಎಂಬುದನ್ನು 2017ರ ಆಗಸ್ಟ್ 31ರಂದು ಕಂಡೆವು. ಪಿ.ಎಸ್.ಎಲ್.ವಿ.-ಸಿ39ರ ಶಾಖಕವಚ ತೆರೆಯಲಿಲ್ಲ; ಪಥದರ್ಶಕ ಉಪಗ್ರಹ ಅದರೊಳಗೇ ಸೆರೆಯಾಯಿತು. ಅಮೆರಿಕವೂ 2009 ಮತ್ತು 2011ರಲ್ಲಿ ಎರಡು ಉಪಗ್ರಹಗಳನ್ನು ಹೀಗೆಯೇ ಕಳೆದುಕೊಂಡಿತು. ಲೋಹದ ಪೂರೈಕೆದಾರರು ಪರೀಕ್ಷಾ ಪ್ರಮಾಣಪತ್ರಗಳನ್ನು ತಿದ್ದಿದ್ದರು ಎಂದು ವರ್ಷಗಳ ತನಿಖೆಯ ನಂತರ ಅದು 2019ರಲ್ಲಿ ಪ್ರಕಟಿಸಿತು. ಪ್ರಾಮಾಣಿಕತೆಯೂ ಯಂತ್ರದ ಒಂದು ಬಿಡಿಭಾಗವೇ ಎಂದು ಧವನ್ ಅರಿತಿದ್ದರು. ಹಾಗಾಗಿಯೇ ಹಿರಿ-ಕಿರಿಯರೆನ್ನದೆ, ಹೊರಗಿನ ತಜ್ಞರನ್ನೂ ಕೂರಿಸಿಕೊಂಡು ತಪ್ಪು ಹುಡುಕುವ ಪರಿಶೀಲನಾ ಪದ್ಧತಿಗೆ ಅವರು ಗಟ್ಟಿ ಬುನಾದಿ ಹಾಕಿದರು.

ಆ ಪದ್ಧತಿಯ ನಿಜವಾದ ಪರೀಕ್ಷೆ 1979ರ ಆಗಸ್ಟ್ 10ರಂದು ನಡೆಯಿತು. ದೇಶದ ಮೊದಲ ಉಪಗ್ರಹ ವಾಹಕ ಎಸ್.ಎಲ್.ವಿ.-3, 22 ಮೀಟರ್ ಎತ್ತರ, 17 ಟನ್ ತೂಕ. ಯೋಜನಾ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಮೊದಲ ಹಂತ ಸರಿಯಾಗಿಯೇ ಉರಿಯಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಕವಾಟವೊಂದು ಸೋರಿ ನೈಟ್ರಿಕ್ ಆಮ್ಲ ಖಾಲಿಯಾಗಿತ್ತು. ವಾಹನ ಹಿಡಿತ ತಪ್ಪಿ, 317 ಸೆಕೆಂಡುಗಳಲ್ಲಿ ವರ್ಷಗಳ ದುಡಿಮೆಯೆಲ್ಲ ಬಂಗಾಳ ಕೊಲ್ಲಿಯ ಪಾಲಾಯಿತು. ಪತ್ರಕರ್ತರು ಕಾದಿದ್ದರು. ಆ ಸಭೆಯಲ್ಲಿ ಧವನ್ ಕಲಾಂ ಅವರನ್ನು ಪಕ್ಕಕ್ಕೆ ಕೂರಿಸಿ, ಸೋಲಿನ ಹೊಣೆ ತಮ್ಮದೆಂದರು. ತಂಡದ ಮೇಲಿನ ನಂಬಿಕೆಯನ್ನು ಸಾರಿದರು. 1980ರ ಜುಲೈ 18ರಂದು ಅದೇ ಮಾದರಿಯ ವಾಹನ 35 ಕಿಲೋ ತೂಕದ ರೋಹಿಣಿಯನ್ನು ಕಕ್ಷೆಗೇರಿಸಿತು. ಈ ಸಲ ಪತ್ರಕರ್ತರ ಮುಂದೆ ಮಾತನಾಡಲು ಅವರು ಕಲಾಂ ಅವರನ್ನೇ ಕಳುಹಿಸಿದರು. ಕಲಾಂ ಈ ಪ್ರಸಂಗವನ್ನು ರಾಷ್ಟ್ರಪತಿಯಾದ ಮೇಲೂ ಹೇಳುತ್ತಲೇ ಇದ್ದರು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಕಡತಗಳ ನಡುವೆ ಕಳೆದವನು. ಒಮ್ಮೆ ನಾನು ಮೇಲ್ವಿಚಾರಣೆ ಮಾಡುತ್ತಿದ್ದ ಯೋಜನೆಯೊಂದು ಕೆಟ್ಟಾಗ, ಕೆಳಗಿನ ಅಧಿಕಾರಿಯೊಬ್ಬರ ಲೋಪವನ್ನು ಎತ್ತಿ ತೋರಿಸುವ ಟಿಪ್ಪಣಿಗೆ ಸಹಿ ಹಾಕಿದೆ. ಟಿಪ್ಪಣಿಯಲ್ಲಿ ಸುಳ್ಳೇನೂ ಇರಲಿಲ್ಲ. ಅಂತಿಮ ಮಂಜೂರಾತಿ ನನ್ನದೇ ಎಂಬ ಒಂದು ಸತ್ಯ ಮಾತ್ರ ಇರಲಿಲ್ಲ. ಅವರ ಬಡ್ತಿ ತಡವಾಯಿತು, ನನ್ನದಾಗಲಿಲ್ಲ. ಅಂದು ನಾನು ಹುಡುಕಿದ್ದೂ ಪಾರಾಗುವ ವ್ಯವಸ್ಥೆಯನ್ನೇ. ಆದರೆ ಅದರಲ್ಲಿ ಪಾರಾಗುವ ಆಸನ ಒಂದೇ ಇತ್ತು.

1983ರ ಸೆಪ್ಟೆಂಬರ್ 26ರಂದು ಬೈಕನೂರಿನಲ್ಲಿ ಸೋಯುಜ್ ವಾಹಕ ನೆಲದಲ್ಲೇ ಹೊತ್ತಿಕೊಂಡಾಗ, ಪಾರುಮಾಡುವ ರಾಕೆಟ್ ಟಿಟೊವ್, ಸ್ಟ್ರೆಕಲೊವ್ ಇಬ್ಬರನ್ನೂ ಬೆಂಕಿಯಿಂದ ಎತ್ತೊಯ್ದು ಉಳಿಸಿತು. 1984ರ ಏಪ್ರಿಲ್‌ನಲ್ಲಿ ನಮ್ಮ ರಾಕೇಶ್ ಶರ್ಮಾ ಅವರೊಂದಿಗೆ ಬಾಹ್ಯಾಕಾಶಕ್ಕೆ ಹೋದವರಲ್ಲಿ ಒಬ್ಬರು ಇದೇ ಸ್ಟ್ರೆಕಲೊವ್. ಅವರು ಮತ್ತೆ ರಾಕೆಟ್ ಏರಿದ್ದು ತಮ್ಮನ್ನು ಕಾಯುವವರ ಮೇಲಿನ ನಂಬಿಕೆಯಿಂದ ಇರಬೇಕು. ಕಲಾಂ ಮತ್ತೆ ಎಸ್.ಎಲ್.ವಿ.ಗೆ ಕೈಹಾಕಿದ್ದೂ ಅಂಥ ನಂಬಿಕೆಯಿಂದಲೇ.

ಅದೇ 1984ರಲ್ಲಿ ಧವನ್ ಹೊಣೆಯನ್ನು ಯು.ಆರ್. ರಾವ್ ಅವರಿಗೆ ಒಪ್ಪಿಸಿದರು. ಆಮೇಲೆ ಅವರನ್ನು ಸೆಳೆದದ್ದು ಶ್ರೀಹರಿಕೋಟಾದ ಪಕ್ಕದ ಪುಲಿಕಾಟ್ ಸರೋವರದ ಹಕ್ಕಿಗಳು. ಹಕ್ಕಿಗಳ ಹಾರಾಟದ ಬಗ್ಗೆ ಒಂದು ಗ್ರಂಥವನ್ನೂ ಬರೆದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು.

ಮನುಷ್ಯರನ್ನು ಒಯ್ಯಲು ಆಯ್ಕೆಯಾದ ಎಲ್.ವಿ.ಎಂ.-3 ವಾಹನವನ್ನು ಪತ್ರಿಕೆಗಳು ಅದರ ಗಾತ್ರ ನೋಡಿ ಬಾಹುಬಲಿ ಎಂದು ಕರೆದಿವೆ. ನಮ್ಮೂರಿನಲ್ಲಿ, ಫಲ್ಗುಣಿ ನದಿಯ ದಡದಲ್ಲಿ, ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ ಬಾಹುಬಲಿಯಿದ್ದಾನೆ. ಅವನನ್ನು ನಾವು ತೋಳ್ಬಲಕ್ಕಾಗಿ ಪೂಜಿಸುವುದಿಲ್ಲ. ಗೆದ್ದದ್ದನ್ನು ಬಿಟ್ಟುಕೊಟ್ಟನೆಂದು ಪೂಜಿಸುತ್ತೇವೆ. ಸಂಜೆ ಆ ದಾರಿಯಲ್ಲಿ ನಡೆಯುವಾಗ ಧವನ್ ಅವರ ನೆನಪಾಗುತ್ತದೆ. ನನ್ನ ಆ ಟಿಪ್ಪಣಿಯೂ ನೆನಪಾಗುತ್ತದೆ.